ಬಿಕ್ಕಳಿಕೆ ನಿಂತ ಮಧ್ಯಾಹ್ನ

"ನಿಲ್ಲಿಸಬೇಡ, ಓದ್ತಾ ಇರು," ಎಂದಳು ಇನ್ಸ್‌ಪೆಕ್ಟರಮ್ಮ.

ಗಾಜಿನ ಆಚೆಯ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ಕೂತಿದ್ದ ಪೇದೆ ಹಣೆಯ ಬೆವರೊರೆಸಿಕೊಂಡು ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದ. ಹಿಂದಿನ ಕಾಲದ ನಾವಿಕರು ದಿಕ್ಕು ತಪ್ಪಿ ಸಮುದ್ರದಲ್ಲಿ ಅಲೆದಾಡಿದ ಕಥೆ ಅದು. ಅವನ ಬಾಯಿಗೆ ಸಿಕ್ಕು ಆರೋಪಪಟ್ಟಿಯ ಹಾಗೆ ಕೇಳಿಸುತ್ತಿತ್ತು. ಆ ನಾವಿಕರೆಲ್ಲ ಸೇರಿ ಯಾರದೋ ಮನೆಗೆ ಕನ್ನ ಹಾಕಿದ್ದಾರೆ ಅಂದುಕೊಳ್ಳಬೇಕು, ಹಾಗೆ ಓದುತ್ತಿದ್ದ.

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಇವತ್ತು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಮೇಜಿನ ಕೆಳಗೆ ಹಳೆಯ ಕಂಪ್ಯೂಟರು ಗೊರಗುಟ್ಟುತ್ತಿತ್ತು. ಅವಳು ಕಾಯುತ್ತಿದ್ದದ್ದು ಒಂದೇ ಒಂದು ಬಿಕ್ಕಳಿಕೆಗೆ.

ಅದು ಬರಲೇ ಇಲ್ಲ. ಬರಲಿ ದೇವರೇ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಸಾಕ್ಷ್ಯ ಸಿಗದಿರಲಿ ಎಂದು ಅವಳು ಬೇಡಿದ್ದು ಇದೇ ಮೊದಲು.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಈ ಕಟ್ಟಡದ ಮುಖ್ಯಸ್ಥರು ಹಿಂಬದಿಯ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿ ವಾರವಾಗಿತ್ತು. ಬಿದ್ದದ್ದಲ್ಲ, ತಳ್ಳಿದ್ದು ಎಂದು ವೈದ್ಯರು ಹೇಳಿದ್ದರು. ಅಂದು ಬೆಳಿಗ್ಗೆ ಕಂಪ್ಯೂಟರ್ ಸರಿಮಾಡಲು ಬಂದಿದ್ದ ರಿಪೇರಿಯವನು ಈಗ ಲಾಕಪ್ಪಿನಲ್ಲಿದ್ದ. ಕಸ್ಟಡಿ ಮುಗಿದು ನಾಳೆ ಅವನನ್ನು ಮತ್ತೆ ಕೋರ್ಟಿಗೆ ಒಯ್ಯಬೇಕಿತ್ತು.

"ಗಂಟಲು ಒಣಗ್ತಾ ಇದೆ ಮೇಡಂ," ಎಂದ ಪೇದೆ, ಪುಸ್ತಕದಲ್ಲಿ ಅದೂ ಬರೆದಿದೆ ಎನ್ನುವಷ್ಟೇ ಗಂಭೀರವಾಗಿ.

"ಸಾಕು. ಹೊರಗೆ ಹೋಗಿ ನೀರು ಕುಡಿದು ಬಾ. ಅವಸರ ಇಲ್ಲ."

ಪೇದೆ ಜೈಲಿನಿಂದ ಬಿಟ್ಟವನ ಹಾಗೆ ಹೊರಬಿದ್ದ. ಅವಳು ಅವನ ಓದನ್ನು ಮೊದಲಿನಿಂದ ಹಾಕಿ ಕೇಳಿದಳು. ದನಿ ಒರಟು, ಉಸಿರು ಭಾರ, ಅಲ್ಪಪ್ರಾಣ ಮಹಾಪ್ರಾಣಗಳ ಗತಿ ದೇವರಿಗೇ ಪ್ರೀತಿ. ಆದರೆ ಎಲ್ಲೂ ತುಂಡಾಗಿರಲಿಲ್ಲ. ಧಾರೆ ಸುರಿದ ಹಾಗೆ ಒಂದೇ ಸಮನೆ ಹರಿದಿತ್ತು.

ಈ ಕಂಪ್ಯೂಟರಿಗೆ ಬಿಕ್ಕಳಿಕೆಯ ರೋಗವಿದ್ದದ್ದು ಇಲ್ಲಿಯವರಿಗೆಲ್ಲ ಗೊತ್ತು. ದನಿಯನ್ನು ಹಿಡಿಯುತ್ತಾ ಹಿಡಿಯುತ್ತಾ ಅದು ಒಮ್ಮೆಲೇ ಕೈಬಿಡುತ್ತಿತ್ತು. ಒಂದೆರಡು ಪದ ನುಂಗಿ ಮತ್ತೆ ಶುರುಮಾಡುತ್ತಿತ್ತು. ಒಳಗೆ ಓದುವವರಿಗೆ ಅದು ತಿಳಿಯುವುದಿಲ್ಲ. ಹೊರಗೆ ಹೆಡ್‌ಫೋನ್ ಹಾಕಿ ಕೂತವರು ಪೆನ್ಸಿಲಿನ ಹಿಂತುದಿಯಿಂದ ಗಾಜಿನ ಮೇಲೆ ಟಕ್ ಟಕ್ ಎಂದು ಬಡಿಯಬೇಕು. ಓದುವವರು ಆ ವಾಕ್ಯವನ್ನು ಮೊದಲಿನಿಂದ ಓದಬೇಕು. ಆಮೇಲೆ ಕೆಟ್ಟ ಭಾಗ ಕತ್ತರಿಸಿ ತೆಗೆದರಾಯಿತು. ಬೇರೆ ಕಂಪ್ಯೂಟರು ತರೋಣವೆಂದರೆ ದನಿ ಹಿಡಿಯುವ ಹಳೆಯ ಸಲಕರಣೆ ಹೊಸದಕ್ಕೆ ಹೊಂದುವುದಿಲ್ಲ. ಹೀಗಾಗಿ ಎಷ್ಟೋ ವರ್ಷದಿಂದ ಬಿಕ್ಕಳಿಕೆಯ ಜೊತೆಗೇ ಸಂಸಾರ ನಡೆದಿತ್ತು.

ಬೆಳಿಗ್ಗೆ ಲಾಕಪ್ಪಿನಲ್ಲಿ ರಿಪೇರಿಯವನ ಮುಂದೆ ಕುರ್ಚಿ ಎಳೆದುಕೊಂಡು ಕೂತು ಅವಳು ಇದನ್ನೇ ಕೇಳಿದ್ದಳು. "ಅವತ್ತು ಅದಕ್ಕೆ ಏನು ಮಾಡಿದ್ರಿ? ನನಗೆ ಅರ್ಥ ಆಗೋ ಹಾಗೆ ಹೇಳಿ."

ವಾರದಿಂದ ಗಡ್ಡ ಬೋಳಿಸದ ಆ ಮನುಷ್ಯ, ಕೊಲೆಯ ಪ್ರಶ್ನೆ ಬಿಟ್ಟು ಕೆಲಸದ ಪ್ರಶ್ನೆ ಬಂದದ್ದಕ್ಕೆ ಸ್ವಲ್ಪ ಚೇತರಿಸಿಕೊಂಡ. "ಅಡುಗೆಮನೆ ಕಟ್ಟೆ ಅಂದ್ಕೊಳ್ಳಿ ಮೇಡಂ. ಮೆಮೊರಿ ಅಂದ್ರೆ ಆ ಕಟ್ಟೆ. ಇದರದ್ದು ಚಿಕ್ಕದು. ತುಂಬಿದ ತಕ್ಷಣ ಒಂದಷ್ಟು ಪಾತ್ರೆ ಅಟ್ಟಕ್ಕೆ ಏರಿಸುತ್ತೆ, ಅಂದ್ರೆ ಡಿಸ್ಕಿಗೆ. ಬೇಕಾದಾಗ ಇಳಿಸಿಕೊಳ್ಳುತ್ತೆ. ಹತ್ತಿ ಇಳಿಯೋ ಗಡಿಬಿಡೀಲಿ ಒಲೆ ಮೇಲಿನ ಹಾಲು ಉಕ್ಕಿಹೋಗುತ್ತೆ. ಅದೇ ಬಿಕ್ಕಳಿಕೆ."

"ಕಟ್ಟೆ ದೊಡ್ಡದು ಮಾಡೋಕಾಗಲ್ವಾ?"

"ಆ ಕಾಲದ ಮೆಮೊರಿ ಪಟ್ಟಿ ಈಗೆಲ್ಲಿ ಸಿಗುತ್ತೆ? ಇರೋದ್ರಲ್ಲೇ ಸೆಟ್ಟಿಂಗ್ ಸರಿಮಾಡ್ದೆ. ಅಟ್ಟದ ಜಾಗಾನ ಅದು ಮನಸ್ಸಿಗೆ ಬಂದ ಹಾಗೆ ಹಿಗ್ಗಿಸ್ತಾ ಕುಗ್ಗಿಸ್ತಾ ಇತ್ತು. ಇಷ್ಟೇ ಅಂತ ಅಳತೆ ಕಟ್ಟಿ ಎರಡನೇ ಡಿಸ್ಕಿಗೆ ಸಾಗಿಸ್ದೆ. ಇನ್ನು ಆನ್ ಆದ ತಕ್ಷಣ ಕರೀದೇ ಬಂದು ಕಟ್ಟೆ ಮೇಲೆ ಕೂರೋ ಪ್ರೋಗ್ರಾಂಗಳು ಇರ್ತವೆ, ನೆಂಟರ ಹಾಗೆ. ಅವನ್ನೆಲ್ಲ ಸಾಗಹಾಕ್ದೆ."

"ಸೆಟ್ಟಿಂಗ್ ಬದಲಾಯಿಸಿದ ತಕ್ಷಣ ಸರಿಹೋಗುತ್ತಾ?"

"ಇಲ್ಲ ಮೇಡಂ. ಆಫ್ ಮಾಡಿ ಆನ್ ಮಾಡಬೇಕು. ಅಲ್ಲೀವರೆಗೂ ಹಳೇ ಲೆಕ್ಕಾನೇ ನಡೀತಿರುತ್ತೆ."

"ಮಾಡಿದ್ರಾ?"

ಅವನು ತಲೆ ತಗ್ಗಿಸಿದ. "ಮಾಡಿದ್ದಕ್ಕೇ ಅಲ್ವಾ ಬೈಸ್ಕೊಂಡಿದ್ದು."

ಅವಳು ಕೂತಲ್ಲೇ ಬಿಗಿಯಾದಳು. ಆ ಬೈಗುಳದ ಮೇಲೇ ಇಡೀ ಕೇಸು ನಿಂತಿತ್ತು. ಎದುರು ಅಂಗಡಿಯ ದರ್ಜಿ ಹೊಲಿಗೆ ಬಿಟ್ಟು ಬಾಗಿಲಿಗೆ ಬಂದು ಕೇಳಿಸಿಕೊಂಡಿದ್ದ: ಮುಖ್ಯಸ್ಥರು ಕೂಗಾಡುತ್ತಿದ್ದರು, 'ಮುಗಿಸಿಬಿಟ್ರಲ್ರೀ! ನಿಮ್ಮನ್ನ ಸುಮ್ಮನೆ ಬಿಡಲ್ಲ!' ಬೆಳಿಗ್ಗೆ ಜಗಳ, ಮಧ್ಯಾಹ್ನ ಹೆಣ, ಮೆಟ್ಟಿಲ ಮೇಲೆ ರಿಪೇರಿಯವನ ಸ್ಕ್ರೂಡ್ರೈವರು. ಇನ್ನೇನು ಬೇಕು? ಜಗಳ ಎಂದು ಬರೆದುಕೊಂಡವರೆಲ್ಲ ಬರೆದುಕೊಂಡರು. ಯಾವುದಕ್ಕೆ ಜಗಳ ಎಂದು ಯಾರೂ ಕೇಳಿರಲಿಲ್ಲ.

ಈ ಕಟ್ಟಡದಲ್ಲಿ ಆ ಕಂಪ್ಯೂಟರನ್ನು ಆಫ್ ಮಾಡುವುದೇ ಇಲ್ಲ. ಹಿಂದೊಮ್ಮೆ ಆಫ್ ಮಾಡಿದ್ದಕ್ಕೆ ಅದು ಮೇಲೇಳಲು ಬಹಳ ಸತಾಯಿಸಿತ್ತಂತೆ. ಅಂದಿನಿಂದ ಅದರ ನೆತ್ತಿಯ ಮೇಲೆ ಒಂದು ಚೀಟಿ ಅಂಟಿಸಿದ್ದರು: 'ದಯವಿಟ್ಟು ಆರಿಸಬೇಡಿ'. ಹೊರಗಿನಿಂದ ಬಂದವನಿಗೆ ಅದರ ಭಯವೆಲ್ಲಿ? ಆಫ್ ಮಾಡಿದ. ಮುಖ್ಯಸ್ಥರ ಎದೆ ಧಸಕ್ಕೆಂದಿತು, ಕೂಗಾಡಿದರು. ಅಷ್ಟರಲ್ಲಿ ಅದು ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ರಿಪೇರಿಯವನು ಬೈಗುಳದ ಗಾಬರಿಯಲ್ಲಿ ಸ್ಕ್ರೂಡ್ರೈವರನ್ನು ಮೇಜಿನ ಮೇಲೇ ಮರೆತು ಹೊರಟುಹೋದ. ಅದು ಯಾರ ಕೈಗಾದರೂ ಸಿಗುವಂತೆ ಬಿದ್ದಿತ್ತು.

ಅಂದರೆ ಅವನ ಮೇಲಿನ ಸಾಕ್ಷಿಯೇ ಬೇರೊಂದಕ್ಕೆ ಸಾಕ್ಷಿಯಾಗಿತ್ತು. ಅಂದು ಬೆಳಿಗ್ಗೆ ಕಂಪ್ಯೂಟರು ಆಫ್ ಆಗಿ ಆನ್ ಆಗಿದೆ. ಹೊಸ ಸೆಟ್ಟಿಂಗು ಜಾರಿಗೆ ಬಂದಿದೆ. ಬಿಕ್ಕಳಿಕೆಯ ರೋಗ ಬೆಳಿಗ್ಗೆಯೇ ವಾಸಿಯಾಗಿದೆ.

ಹಾಗಿದ್ದರೆ ಅಂದು ಮಧ್ಯಾಹ್ನದ ಧ್ವನಿಮುದ್ರಣ?

ಇನ್ಸ್‌ಪೆಕ್ಟರಮ್ಮ ಅದನ್ನು ಹಾಕಿದಳು. ಇಲ್ಲಿ ಪುಸ್ತಕ ಓದುವ ಅವಳ ಭಾವನ, ಅಕ್ಕನ ಗಂಡನ, ದನಿ ಕಿವಿ ತುಂಬಿತು. ತುಂಬು ದನಿ, ತಿಳಿ ದನಿ. ನಾವಿಕರು ನಕ್ಷತ್ರಗಳನ್ನು ಹುಡುಕುತ್ತಿದ್ದಾರೆ. 'ಆ ರಾತ್ರಿ ಮೋಡ ಕವಿದು...' ಅಲ್ಲಿ ಪದ ಹರಿಯಿತು. ಟಕ್ ಟಕ್. 'ಆ ರಾತ್ರಿ ಮೋಡ ಕವಿದು ಒಂದು ನಕ್ಷತ್ರವೂ ಕಾಣಲಿಲ್ಲ.' ಮುಂದೆ ಹೋದರೆ ಮತ್ತೆ ಬಿಕ್ಕಳಿಕೆ, ಮತ್ತೆ ಟಕ್ ಟಕ್, ಮತ್ತೆ ವಾಕ್ಯ ಮೊದಲಿನಿಂದ. ಕೊನೆಯವರೆಗೂ ಹೀಗೇ.

ವಾಸಿಯಾದ ಯಂತ್ರ ಹೀಗೆ ಬಿಕ್ಕಳಿಸಲು ಸಾಧ್ಯವಿಲ್ಲ. ಇದು ಹಳೆಯ ಓದು. ಹಳೆಯ ಧ್ವನಿಮುದ್ರಣಗಳನ್ನು ಉಳಿಸಿಕೊಳ್ಳಲು ಇಲ್ಲಿಯವರು ಮಾಡುವ ಉಪಾಯ ಅವಳಿಗೆ ಗೊತ್ತಿತ್ತು: ಒಂದು ಕಡೆ ಹಳೆಯದನ್ನು ಹಾಕಿ, ಇನ್ನೊಂದು ಕಡೆ ಅದನ್ನೇ ಹೊಸದಾಗಿ ಹಿಡಿಯುವುದು. ಹಾಗೆ ಹಿಡಿದದ್ದಕ್ಕೆ ಅವತ್ತಿನ ತಾರೀಖು, ಅವತ್ತಿನ ಹೊತ್ತು ತಾನಾಗಿ ಬೀಳುತ್ತದೆ. ಅಕ್ಕ ಭಾವ ಇಬ್ಬರೂ ಆ ಹೊತ್ತಿನಲ್ಲಿ ಇಲ್ಲೇ ಕೆಲಸ ಮಾಡುತ್ತಿದ್ದರು ಎಂಬುದಕ್ಕೆ ಇದ್ದ ಆಧಾರ ಇದೊಂದೇ. ಕಟ್ಟಡದಲ್ಲಿ ಮುಖ್ಯಸ್ಥರನ್ನು ಬಿಟ್ಟರೆ ಆಗ ಇದ್ದವರೂ ಇವರಿಬ್ಬರೇ.

ವಾರದ ಹಿಂದೆ ಇದೇ ಧ್ವನಿಮುದ್ರಣ ಕೇಳಿ ಭಾವ ಪಾರಾದರು ಎಂದು ಅವಳು ನೆಮ್ಮದಿಯಿಂದ ಉಸಿರುಬಿಟ್ಟಿದ್ದಳು. ಬಿಕ್ಕಳಿಕೆ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಇಲ್ಲಿಯವರಿಗೂ ಅಷ್ಟೆ. ದಿನಾ ಕೇಳಿದ ಸದ್ದು ಯಾರಿಗೆ ಸದ್ದೆನಿಸುತ್ತದೆ?

ಅಮ್ಮ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು. ಹೊಸದಾಗಿ ಮದುವೆಯಾಗಿದ್ದ ಅಕ್ಕ ತನ್ನ ಜೊತೆಗೇ ಕರೆದುಕೊಂಡು ಬಂದಿದ್ದಳು. ತಂಗಿ ತುತ್ತು ನುಂಗದೆ ಹಟ ಹಿಡಿದರೆ ಭಾವ ಪಕ್ಕದಲ್ಲಿ ಕೂತು ಕಥೆ ಓದುತ್ತಿದ್ದರು. ಕಥೆ ಮುಗಿಯುವಷ್ಟರಲ್ಲಿ ತಟ್ಟೆಯೂ ಖಾಲಿಯಾಗುತ್ತಿತ್ತು. ಆ ದನಿಯ ಅನ್ನ ತಿಂದು ಬೆಳೆದವಳು ಅವಳು. ಈಗ ಬಾಯಿ ಬಿಟ್ಟರೆ ತನ್ನ ಮನೆಯನ್ನು ತಾನೇ ಮುರಿದಂತೆ. ಬಿಡದಿದ್ದರೆ ಏನೂ ಅರಿಯದ ಒಬ್ಬ ಮನುಷ್ಯನಿಗೆ ಜೀವನಪೂರ್ತಿ ಜೈಲು. ಬಿಸಿ ತುಪ್ಪ ಬಾಯಲ್ಲಿತ್ತು.

"ಕರೆದೆಯಂತೆ?"

ಬಾಗಿಲಲ್ಲಿ ಭಾವ ನಿಂತಿದ್ದರು. ತಲೆ ಪೂರಾ ನೆರೆತಿದ್ದರೂ ಬೆನ್ನು ನೆಟ್ಟಗಿತ್ತು.

"ಬನ್ನಿ ಭಾವ, ಕೂತ್ಕೊಳ್ಳಿ. ಅಕ್ಕ?"

"ಬರ್ತಾಳೆ. ನೀನು ಊಟ ಮಾಡಿರಲ್ಲ ಅಂತ ಡಬ್ಬಿ ಕಟ್ತಾ ಇದ್ಲು. ಇನ್ಸ್‌ಪೆಕ್ಟರಾದ್ರೂ ನಿನಗೆ ಅನ್ನದ ಯೋಚನೆ ಮಾತ್ರ ನಾವೇ ಮಾಡ್ಬೇಕು ನೋಡು."

ಇನ್ನು ತಡಮಾಡಿದರೆ ತನ್ನಿಂದಾಗದು ಎಂದು ನೇರವಾಗಿ ಕೇಳಿಬಿಟ್ಟಳು. "ಭಾವ, ಅವತ್ತು ಮಧ್ಯಾಹ್ನ ನೀವು ಇಲ್ಲಿ ಓದ್ತಾ ಇರಲಿಲ್ಲ ಅಲ್ವಾ?"

ಭಾವ ಕೈಯಲ್ಲಿದ್ದ ಛತ್ರಿಯನ್ನು ಗೋಡೆಗೆ ಒರಗಿಸಿ, ಅದು ಜಾರದಂತೆ ನೋಡಿಕೊಂಡು, ಆಮೇಲೆ ಕೂತರು.

"ಓದ್ತಾ ಇದ್ದೆ."

"ಸುಳ್ಳು ಬೇಡ ಭಾವ. ನಾಳೆ ಅವನನ್ನ ಕೋರ್ಟಿಗೆ ಒಯ್ತಾರೆ. ಇದರಲ್ಲಿರೋದು ಹಳೇ ಓದು. ಬಿಕ್ಕಳಿಕೆ ಕೇಳಿ ಎಷ್ಟಿದೆ! ಬೆಳಿಗ್ಗೇನೇ ಸರಿಹೋಗಿದ್ದ ಕಂಪ್ಯೂಟರು ಮಧ್ಯಾಹ್ನ ಹೇಗೆ ಬಿಕ್ಕಳಿಸುತ್ತೆ?"

"ಇದು ಹಳೇ ಓದು. ನಿಜ."

ಅವಳು ಬೆಚ್ಚಿ ನೋಡಿದಳು. ವಾದ ಮಾಡುತ್ತಾರೆ, ಸಿಟ್ಟಾಗುತ್ತಾರೆ, ಅಳುತ್ತಾರೆ ಎಂದು ಏನೇನೋ ಲೆಕ್ಕ ಹಾಕಿದ್ದಳು. ಹೀಗೆ ತಣ್ಣಗೆ ಒಪ್ಪಿಕೊಳ್ಳುತ್ತಾರೆ ಎಂದು ಎಣಿಸಿರಲಿಲ್ಲ.

"ಗೊತ್ತಿತ್ತಾ ನಿಮಗೆ?"

"ನೀವು ಪೊಲೀಸಿನವರು ಹಾಕಿ ಕೇಳಿಸಿದಾಗಲೇ ಗೊತ್ತಾಯ್ತು. ಅವತ್ತು ನನ್ನ ಗಂಟಲು ಹೇಗಿತ್ತು, ನೆನಪು ಮಾಡ್ಕೋ."

ಅವಳು ನೆನಪು ಮಾಡಿಕೊಂಡಳು. ಅಂದು ಸಂಜೆ, ಹೆಣದ ಸುತ್ತ ಜನ ಸೇರಿದ್ದಾಗ, ಭಾವನ ಬಾಯಿಂದ ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ. ದನಿ ಒಡೆದು ಗೊರಗೊರ ಎನ್ನುತ್ತಿತ್ತು. ಪಾಪ, ದುಃಖಕ್ಕೆ ಗಂಟಲು ಕಟ್ಟಿದೆ ಎಂದುಕೊಂಡು ತಾನೇ ಬಿಸಿನೀರು ತರಿಸಿಕೊಟ್ಟಿದ್ದಳು.

"ಹಿಂದಿನ ದಿನದಿಂದಲೇ ಶೀತ," ಎಂದರು ಭಾವ. "ಆದ್ರೂ ಓದ್ದೆ. ಆ ಅಧ್ಯಾಯ ಹಿಂದೆ ಓದಿದ್ದು ಕತ್ತರಿಸಿ ಸರಿಮಾಡೋಕೂ ಆಗದಷ್ಟು ಬಿಕ್ಕಳಿಸಿ ಹಾಳಾಗಿ ಹಾಗೇ ಬಿದ್ದಿತ್ತು, ಮತ್ತೆ ಓದ್ಬೇಕಿತ್ತು. ಮುಖ್ಯಸ್ಥರು ಬೇರೆ ಮುಂದಿನ ತಿಂಗಳಿಂದ ಓದೋರೇ ಬೇಡ, ಯಂತ್ರದ ದನೀನೇ ಸಾಕು ಅಂತ ಹೇಳಿಯಾಗಿತ್ತು. ನನ್ನ ಕೊನೇ ಪುಸ್ತಕ, ಅರ್ಧಕ್ಕೆ ಬಿಡೋದು ಬೇಡ ಅನ್ನಿಸ್ತು. ಒಡಕು ದನೀಲೇ ಪೂರ್ತಿ ಓದಿ ಮುಗಿಸ್ದೆ. ಈ ಕೋಣೆ ಬಿಟ್ಟು ಅಲ್ಲಾಡಿಲ್ಲ ಮರಿ."

"ಹಾಗಾದ್ರೆ ನೀವು ಓದಿದ್ದು ಎಲ್ಲಿದೆ?"

"ಇಲ್ಲ. ಹುಡುಕ್ದೆ. ಎಲ್ಲೂ ಇಲ್ಲ."

ಭಾವ ಗಾಜಿನತ್ತ ನೋಡುತ್ತಾ ಮಾತು ಮುಂದುವರಿಸಿದರು. "ಒಳಗಡೆ ಪುಸ್ತಕದ ಮೇಲೆ ಮಾತ್ರ ದೀಪ. ಗಾಜಲ್ಲಿ ನನ್ನ ಮುಖಾನೇ ಕಾಣುತ್ತೆ, ಆಚೆ ಏನೂ ಕಾಣಲ್ಲ. ಅವತ್ತು ಒಂದು ಸಲಾನೂ ಟಕ್ ಟಕ್ ಕೇಳಿಸಲಿಲ್ಲ. ಅಬ್ಬಾ, ಪುಣ್ಯಾತ್ಮ ರಿಪೇರಿಯವನು, ಕೊನೆಗೂ ಬಿಕ್ಕಳಿಕೆ ನಿಲ್ಲಿಸಿದ ಅಂತ ಎಷ್ಟು ಖುಷಿಪಟ್ಟೆ ಗೊತ್ತಾ? ಹೊರಗೆ ಬಂದು ಹೇಳ್ದೆ ಕೂಡ."

"ಯಾರಿಗೆ?"

ಭಾವ ಅವಳು ಕೂತಿದ್ದ ಕುರ್ಚಿಯತ್ತ ಕಣ್ಣು ತಿರುಗಿಸಿದರು.

ದೀಪದ ಬುಡದಲ್ಲೇ ಕತ್ತಲು. ಬೆಳಗಿನಿಂದ ಅವಳು ಓದಿದ ದನಿಯ ಬೆನ್ನು ಹತ್ತಿದ್ದಳು, ಗಾಜು ಬಡಿದ ಕೈಯನ್ನು ನೋಡಿಯೇ ಇರಲಿಲ್ಲ. ಭಾವ ಓದುತ್ತಿದ್ದರು ಎಂದು ತೋರಿಸಲು ಅವರ ದನಿ ಸಾಕು. ಒಡಕಾದರೂ ಸಾಕು. ಹಳೆಯ ಓದು ಬೇಕಾದದ್ದು ಟಕ್ ಟಕ್ ಎಂಬ ಸದ್ದಿಗೆ. ಗಾಜಿನ ಈಚೆ, ಈ ಕುರ್ಚಿಯಲ್ಲಿ, ಒಬ್ಬರು ಕೊನೆಯವರೆಗೂ ಕೂತಿದ್ದರು ಎಂದು ಹೇಳುವುದು ಅದೊಂದೇ.

ಈ ಕುರ್ಚಿ ಅಕ್ಕನದು.

ಗಂಡನ ದನಿ ಬೇಡವೆಂದ ಮುಖ್ಯಸ್ಥರ ಬಳಿಗೆ ಕುರ್ಚಿ ಬಿಟ್ಟು ಎದ್ದು ಹೋದಾಗ ಕಂಪ್ಯೂಟರು ಬಿಕ್ಕಳಿಸಿ, ಗಾಜು ಬಡಿಯುವ ಕೈ ಇಲ್ಲದಿದ್ದರೆ, ಅವಳು ಅಲ್ಲಿರಲಿಲ್ಲ ಎಂದು ಅದೇ ಹೇಳಿಬಿಡುತ್ತದೆ. ಎಷ್ಟೋ ವರ್ಷ ಬಿಕ್ಕಳಿಸಿದ ಯಂತ್ರವನ್ನು ಒಂದು ಬೆಳಿಗ್ಗೆಯ ರಿಪೇರಿ ನೋಡಿ ಯಾರು ನಂಬುತ್ತಾರೆ? ಅಕ್ಕ ನಂಬಲಿಲ್ಲ. ಮೈಕಿನ ಬದಲು ಹಳೆಯ ಓದನ್ನು ಹಿಡಿಯಲು ಹಾಕಿ ಎದ್ದಳು. ಸುಮ್ಮನೆ ಗಂಡನ ಓದನ್ನೇ ಹಿಡಿಯಲು ಬಿಟ್ಟು ಹೋಗಿದ್ದರೆ ಒಂದು ಬಿಕ್ಕಳಿಕೆಯೂ ಬರುತ್ತಿರಲಿಲ್ಲ, ಒಂದು ಬಡಿತವೂ ಬೇಕಿರಲಿಲ್ಲ, ಯಾರ ಅಪ್ಪನಿಗೂ ಏನೂ ತಿಳಿಯುತ್ತಿರಲಿಲ್ಲ.

ಇನ್ಸ್‌ಪೆಕ್ಟರಮ್ಮನ ಕಣ್ಣ ಮುಂದೆ ಅಕ್ಕನ ಕೈ ಬಂತು. ತನ್ನ ಜಡೆ ಹೆಣೆದ ಕೈ, ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ ಕೈ. ಅವಳು ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡಳು. ಅಳು ಬಂದೇಬಿಟ್ಟಿತು.

"ವಾರದಿಂದ ಗೊತ್ತಿದ್ದೂ ಸುಮ್ಮನಿದ್ರಾ ಭಾವ? ಅಕ್ಕನ್ನ ಕೇಳಲಿಲ್ವಾ?"

"ಕೇಳ್ಬೇಕು ಅಂತ ದಿನಾ ಅಂದ್ಕೋತೀನಿ. ತಟ್ಟೆ ತಂದಿಡ್ತಾಳೆ, ಉಂಡು ಏಳ್ತೀನಿ. ಕೇಳಿದ್ರೆ ಅವಳು ಸುಳ್ಳು ಹೇಳಲ್ಲ ಮರಿ. ಅದೇ ನನಗೆ ಭಯ."

"ಆ ರಿಪೇರಿಯವನು?"

"ಅವನಿಗೂ ಮನೆ ಇದೆ, ಗೊತ್ತು. ಅದಕ್ಕೇ ಇವತ್ತು ನೀನು ಕರೆದ ತಕ್ಷಣ ಬಂದೆ." ಭಾವ ಎದ್ದು ನಿಂತರು. ನೂರಾರು ಪುಸ್ತಕ ಓದಿದ ಆ ದನಿಯಲ್ಲಿ ಈಗ ಒಂದು ಒಡಕೂ ಇರಲಿಲ್ಲ. ಒಂದೊಂದು ಪದವೂ ಸ್ಪಷ್ಟವಾಗಿ, ಕೋಣೆಯ ಆಚೆಗೂ ಕೇಳುವಂತೆ ಬಂತು. "ಬರ್ಕೋ. ಮುಖ್ಯಸ್ಥರನ್ನ ತಳ್ಳಿದ್ದು ನಾನು. ಹಳೇ ಓದು ಹಾಕಿಟ್ಟು ಹೋಗಿ ತಳ್ಳಿದ್ದೂ ನಾನೇ."

"ಭಾವ! ಸುಮ್ನಿರಿ!"

ಅವಳು ಕೂಗುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ನೀರು ಕುಡಿದು ಬಂದ ಪೇದೆ ಹೊಸ್ತಿಲಲ್ಲೇ ಕಲ್ಲಾಗಿ ನಿಂತಿದ್ದ. ಕೊನೆಯ ಮಾತಷ್ಟೇ ಅವನ ಕಿವಿಗೆ ಬಿದ್ದಿತ್ತು, ಅವನಿಗೆ ಅಷ್ಟು ಸಾಕಾಗಿತ್ತು. ಅಭ್ಯಾಸದ ಕೈ ಜೇಬಿನ ಪೆನ್ನಿಗೆ ಹೋಯಿತು.

"ಬರ್ಕೊಳ್ಳಲಾ ಮೇಡಂ?"

"ಬೇಡ. ನಿಲ್ಲು," ಎಂದಳು ಇನ್ಸ್‌ಪೆಕ್ಟರಮ್ಮ. ಪೇದೆಯ ಬೆನ್ನ ಹಿಂದೆ ಅಕ್ಕ ನಿಂತಿರುವುದು ಆಗ ಕಂಡಿತು. ಒಂದು ಕೈಯಲ್ಲಿ ಊಟದ ಡಬ್ಬಿಯ ಚೀಲ. ಅವಳೂ ಕೇಳಿಸಿಕೊಂಡಿದ್ದಳು. ಗಂಡನ ಮುಖವನ್ನು, ತಂಗಿಯ ಒದ್ದೆ ಕಣ್ಣನ್ನು, ಮೇಜಿನ ಮೇಲಿನ ಹೆಡ್‌ಫೋನನ್ನು ಅವಳು ನಿಧಾನವಾಗಿ ನೋಡಿದಳು. ಎಲ್ಲ ತಿಳಿಯಿತೆಂದು ಅವಳ ಮುಖವೇ ಹೇಳುತ್ತಿತ್ತು.

ಈಗ ಹೇಳುತ್ತಾಳೆ ಎಂದುಕೊಂಡಳು ತಂಗಿ. ಅಕ್ಕ ಸುಳ್ಳು ಹೇಳುವವಳಲ್ಲ.

ಅಕ್ಕ ಚೀಲವನ್ನು ಮೇಜಿನ ಮೇಲಿಟ್ಟಳು.

"ಬರ್ಕೊಳ್ಳಪ್ಪ," ಎಂದಳು ಪೇದೆಗೆ. "ಅವರೇ ತಳ್ಳಿದ್ದು. ನಾನು ಕಣ್ಣಾರೆ ನೋಡಿದೀನಿ."

ಭಾವ ಹೆಂಡತಿಯನ್ನು, ಅವಳ ಬಾಯಿಂದ ಮೊದಲ ಸುಳ್ಳು ಕೇಳಿದವರ ಹಾಗೆ, ಒಂದು ಗಳಿಗೆ ದಿಟ್ಟಿಸಿ ನೋಡಿದರು. ಆಮೇಲೆ ಎರಡೂ ಕೈಗಳನ್ನು ಪೇದೆಯ ಮುಂದೆ ಚಾಚಿದರು.